ಪದ್ಯ ಪ್ರಶ್ನೋತ್ತರ: ಗದುಗಿನ ‘ನಾರಯಣ’ ಅಚ್ಚಿನ ತಪ್ಪಲ್ಲ

ಹಳೆಯ ಪದ್ಯಗಳ ಪ್ರಾಸ, ಮಾತ್ರೆ, ಮರುಕಳಿಕೆಗಳ ಬಗ್ಗೆ ಓದುಗರು ಕೇಳಿದ್ದಕ್ಕೆ ಈ ಸಲದ ಪುಟ ಮೀಸಲು. ಮೊದಲ ಉತ್ತರದಲ್ಲೇ ಒಂದು ಪದ್ಯವನ್ನು ಪೂರ್ತಿ ಕೊಟ್ಟಿದ್ದೇವೆ. ಮುಂದಿನ ಉತ್ತರಗಳಲ್ಲೂ ಅದರ ಪ್ರಸ್ತಾಪ ಬರುವುದರಿಂದ ಅದನ್ನು ಒಮ್ಮೆ ಗಟ್ಟಿಯಾಗಿ ಓದಿಕೊಂಡು ಮುಂದುವರಿಯಿರಿ.

ಕುಮಾರವ್ಯಾಸ ಭಾರತದ ಮೊದಲ ಪದ್ಯ ‘ವೀರನಾರಯಣ’ ಎಂದು ಮುಗಿಯುತ್ತದೆ. ದೇವರ ಹೆಸರು ನಾರಾಯಣ ತಾನೆ? ಇದು ಅಚ್ಚಿನ ತಪ್ಪೋ, ಕವಿಯ ತಪ್ಪೋ?
— ಓದುಗರು, ಹಾವೇರಿ

ಎರಡೂ ಅಲ್ಲ. ಪದ್ಯ ಇದು:

ಶ್ರೀವನಿತೆಯರಸನೆ ವಿಮಲ ರಾ
ಜೀವ ಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನ ನಿಕರ ದಾತಾರ
ರಾವಣಾಸುರ ಮಥನ ಶ್ರವಣ ಸು
ಧಾವಿನೂತನ ಕಥನ ಕಾರಣ
ಕಾವುದಾನತ ಜನವ ಗದುಗಿನ ವೀರನಾರಯಣ

ಇದು ಭಾಮಿನಿ ಷಟ್ಪದಿ, ಆರು ಸಾಲಿನ ಪದ್ಯದ ಒಂದು ಬಗೆ. ಅಕ್ಷರವನ್ನು ಉಚ್ಚರಿಸಲು ಹಿಡಿಯುವ ಕಾಲದ ಅಳತೆ ಮಾತ್ರೆ. ಮಾತ್ರೆಗಳ ಒಂದೊಂದು ಗುಂಪು ಗಣ, ಅದನ್ನೇ ಇಲ್ಲಿ ಮನೆ ಎಂದೂ ಕರೆದಿದ್ದೇವೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 3+4+3+4, ಅಂದರೆ 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ 3+4 ಮೂರು ಸಲ ಬಂದು, ಕೊನೆಗೆ ಒಂದು ಗುರು ಸೇರಿ 23 ಮಾತ್ರೆ. ಹ್ರಸ್ವಾಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘಾಕ್ಷರ, ಅನುಸ್ವಾರ ಅಥವಾ ವಿಸರ್ಗ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಇವು ಗುರು, ಒಂದೊಂದಕ್ಕೂ ಎರಡು ಮಾತ್ರೆ. ಪಾದದ ಕೊನೆಯ ಲಘುವನ್ನು ಬೇಕಾದಲ್ಲಿ ಎಳೆದು ಗುರು ಮಾಡಿಕೊಳ್ಳಬಹುದು.

ಈಗ ಕೊನೆಯ ಸಾಲನ್ನು ಒಡೆಯೋಣ: ಕಾವು | ದಾನತ | ಜನವ | ಗದುಗಿನ | ವೀರ | ನಾರಯ | ಣ. ಮೂರು, ನಾಲ್ಕು, ಮೂರು, ನಾಲ್ಕು, ಮೂರು, ನಾಲ್ಕು. ಉಳಿದ ‘ಣ’ ಪಾದದ ಕೊನೆಯಲ್ಲಿ ಗುರುವಾಗಿ ನಿಲ್ಲುತ್ತದೆ.

‘ನಾರಾಯಣ’ ಎಂದೇ ಇಟ್ಟಿದ್ದರೆ? ಬೆರಳೆಣಿಸಿದರೆ ತಮಾಷೆ ಕಾಣುತ್ತದೆ. ‘ನಾರಾ’ ನಾಲ್ಕು, ‘ಯಣ’ ಎರಡು, ಮೊತ್ತ ಆಗಲೂ 23. ಆದರೂ ಪದ್ಯ ಕೆಡುತ್ತದೆ. ಆ ಕೊನೆಯ ಜಾಗ ಎರಡು ಮಾತ್ರೆಯ ಯಾವುದಾದರೂ ತುಂಡಿಗಲ್ಲ, ಎಳೆದು ನಿಲ್ಲಿಸಬಲ್ಲ ಒಂದೇ ಒಂದು ಅಕ್ಷರಕ್ಕೆ ಮೀಸಲು. ‘ಯಣ’ದಲ್ಲಿ ಎರಡು ಅಕ್ಷರ. ‘ಣ’ವನ್ನು ಎಳೆದರೆ ಮಾತ್ರೆ ಮೂರಾಯಿತು, ಎಳೆಯದಿದ್ದರೆ ಪದ್ಯ ನಿಲ್ಲದೆ ಮುಗ್ಗರಿಸಿತು. ಅದಕ್ಕೇ ‘ರಾ’ ಕುಗ್ಗಿ ‘ರ’ ಆಗಿದೆ. ದಾಸರ ಪದಗಳಲ್ಲಿ ‘ವಿಠ್ಠಲ’ (ನಾಲ್ಕು ಮಾತ್ರೆ) ಎಷ್ಟೋ ಕಡೆ ‘ವಿಠಲ’ (ಮೂರು) ಆಗುವುದೂ ಇಂಥದೇ ಹೊಂದಾಣಿಕೆ.

ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಶಾಲೆಯಲ್ಲಿ ಕಲಿಸಿದ್ದಾರೆ. ಅದೇ ಪದ್ಯದ ‘ಮಥನ ಶ್ರವಣ’ದಲ್ಲಿ ‘ಶ್ರ’ದ ಹಿಂದಿನ ‘ನ’ ಗುರುವಾಗಬೇಡವೇ?
— ಓದುಗರು, ಧಾರವಾಡ

ಗುರು ಎಂದು ಹಿಡಿದರೆ ‘ಮಥನ’ಕ್ಕೆ ನಾಲ್ಕು ಮಾತ್ರೆಯಾಗಿ, ಮೂರು ಮಾತ್ರೆಯ ಮನೆ ಒಡೆಯುತ್ತದೆ. ಕವಿ ಅದನ್ನು ಲಘುವಾಗಿಯೇ ಬಳಸಿದ್ದಾನೆ: ರಾವ | ಣಾಸುರ | ಮಥನ | ಶ್ರವಣ ಸು.

ಶಾಲೆಯ ಸೂತ್ರ ಒಂದೇ ಪದದ ಒಳಗೆ ಬಿಗಿ. ಮೂರನೆಯ ಸಾಲಿನ ‘ಸಜ್ಜನ’ದಲ್ಲಿ ‘ಜ್ಜ’ದ ಹಿಂದಿನ ‘ಸ’ವನ್ನು ಲಘು ಎನ್ನಲು ಯಾರಿಗೂ ಸಾಧ್ಯವಿಲ್ಲ, ನಾಲಿಗೆಯೇ ಒಪ್ಪುವುದಿಲ್ಲ. ಒತ್ತಕ್ಷರ ಮುಂದಿನ ಪದದ ಆರಂಭದಲ್ಲಿದ್ದರೆ, ಅದರಲ್ಲೂ ‘ಶ್ರ’ದಂತೆ ರಕಾರದ ಒತ್ತಾಗಿದ್ದರೆ, ನಡುವೆ ಸಣ್ಣ ಬಿಡುವು ಸಿಗುತ್ತದೆ. ಆಗ ಹಿಂದಿನ ಅಕ್ಷರದ ಮೇಲೆ ಭಾರ ಬೀಳದಂತೆ ಓದಬಹುದು. ಇದು ಕವಿಗಿರುವ ಸಡಿಲಿಕೆ. ಹೊಸದಾಗಿ ಬರೆಯುವವರು ಇದನ್ನು ಊರುಗೋಲು ಮಾಡಿಕೊಳ್ಳಬಾರದು. ಸಾಲಿಗೊಂದು ಸಡಿಲಿಕೆ ತೆಗೆದುಕೊಂಡರೆ ಓದುವವನಿಗೆ ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂಬುದೇ ತಿಳಿಯದಂತಾಗುತ್ತದೆ.

ಪ್ರಾಸ ಎಂದರೆ ಸಾಲಿನ ಕೊನೆ ಎಂದುಕೊಂಡಿದ್ದೆ. ಹಳೆಯ ಕನ್ನಡ ಪದ್ಯಗಳಲ್ಲಿ ಅದು ಸಾಲಿನ ಎರಡನೆಯ ಅಕ್ಷರದಲ್ಲಿದೆ. ಅಷ್ಟು ವಿಚಿತ್ರ ಜಾಗ ಯಾಕೆ?
— ಓದುಗರು, ತುಮಕೂರು

ಮೇಲಿನ ಪದ್ಯದ ಸಾಲುಗಳು ಶುರುವಾಗುವ ಬಗೆ ನೋಡಿ: ಶ್ರೀವ, ಜೀವ, ಪಾವ, ರಾವ, ಧಾವಿ, ಕಾವು. ಆರರಲ್ಲೂ ಎರಡನೆಯ ಅಕ್ಷರದ ವ್ಯಂಜನ ‘ವ್’. ಅದರ ಮೇಲಿನ ಸ್ವರ ಬದಲಾಗಬಹುದು. ವ, ವಿ, ವು ಮೂರೂ ನಡೆಯುತ್ತವೆ. ಮೊದಲನೆಯ ಅಕ್ಷರ ಯಾವುದಾದರೂ ಆಗಬಹುದು, ಆದರೆ ತೂಕ ಒಂದೇ ಇರಬೇಕು. ಇಲ್ಲಿ ಶ್ರೀ, ಜೀ, ಪಾ, ರಾ, ಧಾ, ಕಾ ಎಲ್ಲವೂ ದೀರ್ಘ. ನಡುವೆ ‘ಕವಿ’ ಎಂದು ಶುರುವಾಗುವ ಸಾಲು ಬಂದರೆ ‘ವ್’ ಇದ್ದರೂ ಪ್ರಾಸ ತಪ್ಪಿತು, ಏಕೆಂದರೆ ‘ಕ’ ಲಘು.

ಈಗ ಸಾಲುಗಳ ಕೊನೆ ನೋಡಿ. ಮೊದಲನೆಯದು ‘ರಾ’ ಎಂದು ನಿಂತು, ‘ಜೀವ’ ಮುಂದಿನ ಸಾಲಿಗೆ ಹೋಗಿದೆ. ನಾಲ್ಕನೆಯದು ‘ಸು’ ಎಂದು ನಿಂತು, ‘ಧಾ’ ಕೆಳಗಿಳಿದಿದೆ. ‘ರಾಜೀವ’, ‘ಸುಧಾ’ ಪದಗಳು ನಡುವೆಯೇ ತುಂಡಾಗಿವೆ. ಸಾಲಿನ ಕೊನೆ ಇಲ್ಲಿ ನಿಲ್ಲುವ ಜಾಗವೇ ಅಲ್ಲ. ನಿಲ್ಲದ ಜಾಗದಲ್ಲಿ ಪ್ರಾಸ ಕಟ್ಟಿದರೆ ಕೇಳುವವರು ಯಾರು? ಹೊಸ ಸಾಲು ಆರಂಭವಾಯಿತೆಂದು ಕಿವಿಗೆ ತಿಳಿಸುವುದು ಆ ಎರಡನೆಯ ಅಕ್ಷರ. ನಿಲ್ಲುವ ಜಾಗಗಳು ಎರಡೇ: ಮೂರನೆಯ ಸಾಲಿನ ಕೊನೆಯ ಗುರು, ಆರನೆಯ ಸಾಲಿನ ಕೊನೆಯ ಗುರು. ಉಸಿರು ತೆಗೆದುಕೊಳ್ಳುವುದು ಅಲ್ಲಿ. ಸಂಸ್ಕೃತದವರು ಸಾಲಿನ ನಡುವೆ ಯತಿಯನ್ನು, ಅಂದರೆ ಪದ ಮುಗಿದು ನಿಲ್ಲುವ ಜಾಗವನ್ನು ಪಾಲಿಸಿದರೆ, ಕನ್ನಡದ ಕವಿಗಳು ಯತಿಯನ್ನು ಮೀರಿ ಪ್ರಾಸವನ್ನು ಹಿಡಿದರು. 9ನೇ ಶತಮಾನದ ಕವಿರಾಜಮಾರ್ಗವೇ ಈ ಮಾತು ಹೇಳುತ್ತದೆ.

ಆದ್ದರಿಂದ ಷಟ್ಪದಿಯನ್ನು ಸಾಲು ಸಾಲಾಗಿ ನಿಲ್ಲಿಸಿ ಓದಬೇಡಿ. ‘ವಿಮಲ ರಾ’ ಎಂದು ನಿಂತರೆ ಕೇಳುವವರು ‘ಯಾವ ರಾ?’ ಎಂದುಕೊಂಡಾರು.

ಪ್ರಾಸಗಳಿಗೆ ಸಿಂಹ, ಗಜ ಎಂದು ಪ್ರಾಣಿಗಳ ಹೆಸರಿವೆಯಂತೆ. ಅವನ್ನು ಕಲಿಯಲೇಬೇಕೆ?
— ಓದುಗರು, ಚಿತ್ರದುರ್ಗ

ಹೆಸರು ಮರೆತರೂ ನಡೆಯುತ್ತದೆ, ಭೇದ ಮರೆಯಬಾರದು. ಪ್ರಾಸಾಕ್ಷರದ ಹಿಂದಿನದು ಹ್ರಸ್ವವಾದರೆ ಸಿಂಹ (ಮನೆ, ಕೊನೆ), ದೀರ್ಘವಾದರೆ ಗಜ (ನಮ್ಮ ಪದ್ಯ), ಬಿಂದು (ಅನುಸ್ವಾರ) ಇದ್ದರೆ ವೃಷಭ (ಬಂತು, ಚಿಂತೆ), ವಿಸರ್ಗವಿದ್ದರೆ ಅಜ. ಪ್ರಾಸದ ಜಾಗದಲ್ಲಿ ಬೇರೆ ಬೇರೆ ವ್ಯಂಜನ ಸೇರಿದ ಒತ್ತಕ್ಷರವಿದ್ದರೆ ಶರಭ (ಸರ್ವ, ಗರ್ವ), ಒಂದೇ ವ್ಯಂಜನ ದ್ವಿತ್ವವಾದರೆ ಹಯ (ಅಕ್ಕ, ಮಕ್ಕಳು). ಒಂದು ಪದ್ಯ ಯಾವುದರಲ್ಲಿ ಶುರುವಾಯಿತೋ ಅದರಲ್ಲೇ ಮುಗಿಯಬೇಕು. ಎಡವುವುದು ಹೆಚ್ಚಾಗಿ ಕೊನೆಯ ಎರಡರಲ್ಲಿ. ‘ಅಕ್ಕ’ಕ್ಕೆ ‘ಭಕ್ತ’ ಪ್ರಾಸವಲ್ಲ. ‘ಕ್’ ಮಾತ್ರ ಕೂಡಿದರೆ ಸಾಲದು, ಒತ್ತಕ್ಷರ ಇಡಿಯಾಗಿ ಕೂಡಬೇಕು.

ಭಾಮಿನಿಯಲ್ಲಿ ಬರೆಯಲು ಯತ್ನಿಸುತ್ತಿದ್ದೇನೆ. ‘ಮಳೆಗಾಲ ಬಂದಿತು ನಾಡಿಗೂ’ ಎಂಬ ಸಾಲಿಗೆ ಸರಿಯಾಗಿ 14 ಮಾತ್ರೆ ಇದೆ. ಗಮಕಿಯೊಬ್ಬರು ‘ಇದು ಓಡುವುದಿಲ್ಲ’ ಎಂದರು. ಎಲ್ಲಿ ತಪ್ಪಿದೆ?
— ಓದುಗರು, ಪುತ್ತೂರು

ಮೊತ್ತ ಸರಿ, ಮನೆ ತಪ್ಪು. ಕೈಯಲ್ಲಿ ತಾಳ ಹಾಕುತ್ತ ‘ತಕಿಟ ತಕಧಿಮಿ ತಕಿಟ ತಕಧಿಮಿ’ ಎಂದು ನಾಲ್ಕಾರು ಸಲ ಹೇಳಿ, ನಿಲ್ಲಿಸದೆ ಅದರ ಮೇಲೆಯೇ ನಿಮ್ಮ ಸಾಲನ್ನು ಕೂರಿಸಿ. ಮೊದಲ ‘ತಕಿಟ’ಕ್ಕೆ ಮೂರು ಮಾತ್ರೆ ಬೇಕು. ‘ಮಳೆ’ಗೆ ಎರಡು ಮುಗಿದವು, ಮುಂದಿನದು ‘ಗಾ’. ಅದರ ಅರ್ಧ ಈ ಮನೆಗೆ, ಅರ್ಧ ಮುಂದಿನ ಮನೆಗೆ. ಗುರುವನ್ನು ಗೋಡೆಯ ಆಚೆ ಒಂದು ಕಾಲು, ಈಚೆ ಒಂದು ಕಾಲು ಇಟ್ಟು ನಿಲ್ಲಿಸುವಂತಿಲ್ಲ. ಪದ ಗಣದಿಂದ ಗಣಕ್ಕೆ ಹಾಯಬಹುದು, ಅಕ್ಷರ ಹಾಯಬಾರದು.

ಪದಗಳ ಜಾಗ ಬದಲಿಸಿ: ‘ಬಂತು ಮಳೆಗಾಲವದು ನಾಡಿಗೆ.’ ಬಂತು | ಮಳೆಗಾ | ಲವದು | ನಾಡಿಗೆ. ಈಗ ಓಡುತ್ತದೆ. ಆದರೆ ‘ಅದು’ ಇಲ್ಲಿ ಏನು ಮಾಡುತ್ತಿದೆ? ಎರಡು ಮಾತ್ರೆ ತುಂಬುವುದು ಬಿಟ್ಟು ಬೇರೇನೂ ಇಲ್ಲ. ಇಹ, ತಾ, ಮೇಣ್, ಅದು, ಇದು ಇವು ಕಷ್ಟಕಾಲದ ನೆಂಟರು. ಒಂದು ಪದ್ಯಕ್ಕೆ ಒಬ್ಬರು ಬಂದರೆ ಸಹಿಸಬಹುದು. ಆ ಎರಡು ಮಾತ್ರೆಗೆ ಅರ್ಥವಿರುವ ಪದ ಹುಡುಕಿ: ‘ಬಂತು ಮಳೆಗಾಲ ತುಳುನಾಡಿಗೆ.’ ಬಂತು | ಮಳೆಗಾ | ಲ ತುಳು | ನಾಡಿಗೆ. ತುಂಬುಪದ ಹೋಗಿ ಊರು ಸಿಕ್ಕಿತು.

‘ಬಂತು’ ಎಂದು ಶುರುಮಾಡಿದ ಮೇಲೆ ನೀವು ವೃಷಭಪ್ರಾಸಕ್ಕೆ ಕಟ್ಟುಬಿದ್ದಿರಿ. ಮುಂದಿನ ಸಾಲುಗಳೂ ಬಿಂದು ಮತ್ತು ತಕಾರದಲ್ಲಿ ಬರಬೇಕು:

ಬಂತು ಮಳೆಗಾಲ ತುಳುನಾಡಿಗೆ
ನಿಂತ ಕೆರೆಯಲಿ ಹೊಸತು ನೀರಿದೆ
ಚಿಂತೆ ಬಿಟ್ಟನು ರೈತ ನೇಗಿಲ ಹೂಡಿ ನಡೆದಾನು

ಮಹಾಕಾವ್ಯವೇನಲ್ಲ, ಲೆಕ್ಕ ತೋರಿಸಲು ಕಟ್ಟಿದ ಅರ್ಧ ಪದ್ಯ. ಉಳಿದ ಮೂರು ಸಾಲು ನಿಮ್ಮದು. ಒಂದು ಉಪಾಯ: ಆರಂಭಿಸುವ ಮೊದಲೇ ಪ್ರಾಸಕ್ಕೆ ಹೊಂದುವ ಹತ್ತು ಹನ್ನೆರಡು ಪದಗಳನ್ನು ಪಟ್ಟಿ ಮಾಡಿಕೊಳ್ಳಿ (ಸಂತೆ, ಕಂತು, ತಂತಿ, ಅಂತು, ಎಂತು…). ಆರು ಸಿಗದಿದ್ದರೆ ಮೊದಲ ಸಾಲನ್ನೇ ಬದಲಿಸಿ. ನಾಲ್ಕನೆಯ ಸಾಲಿಗೆ ಬಂದು ಪದ ಸಿಗದೆ ಒದ್ದಾಡಿದವರೇ ಅರ್ಥವಿಲ್ಲದ ಪದಗಳನ್ನು ತುರುಕುವುದು.

ಇನ್ನೊಂದು ತಪ್ಪು ಕಣ್ಣಿಗೆ ಕಾಣುವುದಿಲ್ಲ. ‘ನಾಳೆ ವಿಚಾರ ತಿಳಿದು ಹೇಳುವೆ’ ಎನ್ನಿ. ಮೊತ್ತ 14, ಮನೆಗಳೂ ಸರಿ: ನಾಳೆ | ವಿಚಾರ | ತಿಳಿದು | ಹೇಳುವೆ. ಆದರೂ ಎರಡನೆಯ ಮನೆಯಲ್ಲಿ ಕಾಲು ತಡವರಿಸುತ್ತದೆ. ‘ವಿಚಾರ’ದಲ್ಲಿ ಲಘು ಮೊದಲು ಬಂದು ಗುರು ಹಿಂದೆ ಬಂದಿದೆ. ಇದನ್ನು ಲಗಾದಿ ಎನ್ನುತ್ತಾರೆ. ತಾಳದ ಪೆಟ್ಟು ಗಣದ ತಲೆಗೆ ಬೀಳುತ್ತಿದ್ದರೆ, ಅಕ್ಷರದ ಭಾರ ಹೊಟ್ಟೆಗೆ ಬೀಳುತ್ತದೆ. ‘ನಾಳೆ ವಿಷಯವ ತಿಳಿದು ಹೇಳುವೆ’ ಎಂದರೆ ಸರಾಗ. ಗದುಗಿನ ಪದ್ಯದ 28 ಗಣಗಳನ್ನು ಒಂದೊಂದಾಗಿ ಪರೀಕ್ಷಿಸಿ, ಒಂದೂ ಲಗಾದಿ ಸಿಗುವುದಿಲ್ಲ.

ಆರು ಷಟ್ಪದಿಗಳ ಲೆಕ್ಕ ಒಂದೇ ಕಡೆ ಕೊಡಿ.
— ಓದುಗರು, ಮೈಸೂರು

ಸಣ್ಣ ಸಾಲು, ದೊಡ್ಡ ಸಾಲು ಎಂದು ಹೇಳುತ್ತೇವೆ. ಸಣ್ಣವು ನಾಲ್ಕು, ದೊಡ್ಡವು ಎರಡು. ಶರ: ನಾಲ್ಕರ ಗಣ, 8 ಮತ್ತು 14. ಕುಸುಮ: ಐದರ ಗಣ, 10 ಮತ್ತು 17. ಭೋಗ: ಮೂರರ ಗಣ, 12 ಮತ್ತು 20. ಭಾಮಿನಿ: ಮೂರು, ನಾಲ್ಕರ ಗಣ (ಕೂಡಿ ಏಳು), 14 ಮತ್ತು 23. ಪರಿವರ್ಧಿನಿ: ನಾಲ್ಕರ ಗಣ, 16 ಮತ್ತು 26. ವಾರ್ಧಕ: ಐದರ ಗಣ, 20 ಮತ್ತು 32. ಬಾಯಿಪಾಠ ಬೇಕಿಲ್ಲ. ಸಣ್ಣ ಸಾಲಿನ ಒಂದೂವರೆ ಪಟ್ಟು, ಮೇಲೆ ಒಂದು ಗುರು, ಅದೇ ದೊಡ್ಡ ಸಾಲು. ಲಕ್ಷ್ಮೀಶನ ಜೈಮಿನಿ ಭಾರತ ವಾರ್ಧಕದಲ್ಲಿದೆ. ಒಂದು ಪುಟ ವಾರ್ಧಕ, ಒಂದು ಪುಟ ಭಾಮಿನಿ ಓದಿ ನೋಡಿದರೆ ಐದರ ನಡೆಗೂ ಏಳರ ನಡೆಗೂ ಇರುವ ವ್ಯತ್ಯಾಸ ಕಿವಿಗೇ ಹತ್ತುತ್ತದೆ.

ತ್ರಿಪದಿಗೆ ಮಾತ್ರೆ ಹಾಕಲು ಹೋದರೆ ಲೆಕ್ಕವೇ ಸಿಗುವುದಿಲ್ಲ. ಜನಪದರು ಲೆಕ್ಕವಿಲ್ಲದೆ ಹಾಡುತ್ತಿದ್ದರೇ?
— ಓದುಗರು, ಬಾಗಲಕೋಟೆ

ಲೆಕ್ಕವಿದೆ, ಆದರೆ ಅದು ಮಾತ್ರೆಯದಲ್ಲ. ನಿಮ್ಮ ಜಿಲ್ಲೆಯಲ್ಲೇ, ಬಾದಾಮಿಯ ಬಂಡೆಯ ಮೇಲೆ ಅದರ ಹಳೆಯ ಸಾಕ್ಷಿಯಿದೆ. ಸುಮಾರು 700ರ ಕಾಲದ ಕಪ್ಪೆ ಅರಭಟ್ಟನ ಶಾಸನ:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಒಳ್ಳೆಯವನಿಗೆ ಒಳ್ಳೆಯವನು, ಮಧುರನಿಗೆ ಮಧುರ, ಪೀಡಿಸುವವನ ಪಾಲಿಗೆ ಕಲಿಯುಗದ ವಿಪರೀತ. ಈತ ಮಾಧವನೇ, ಬೇರೆಯವನಲ್ಲ ಎಂದು ತಾತ್ಪರ್ಯ.

ಇದು ಅಂಶಗಣದ ಪದ್ಯ. ಎರಡು ಅಂಶದ ಗಣ ಬ್ರಹ್ಮ, ಮೂರರದ್ದು ವಿಷ್ಣು, ನಾಲ್ಕರದ್ದು ರುದ್ರ. ಗಣದ ಮೊದಲ ಅಂಶ ಒಂದು ಗುರುವಾಗಿರಬೇಕು ಅಥವಾ ಎರಡು ಲಘುವಾಗಿರಬೇಕು. ಮುಂದಿನ ಒಂದೊಂದು ಅಂಶಕ್ಕೂ ಒಂದು ಅಕ್ಷರ, ಅದು ಲಘುವೋ ಗುರುವೋ ಯಾವುದೂ ಆಗಬಹುದು. ತ್ರಿಪದಿಯಲ್ಲಿ ಹನ್ನೊಂದು ಗಣ, ಸಾಲುಗಳಿಗೆ 4, 4, 3. ಆರನೆಯದೂ ಹತ್ತನೆಯದೂ ಬ್ರಹ್ಮ, ಉಳಿದವೆಲ್ಲ ವಿಷ್ಣು.

ಸಾಧುಗೆ | ಸಾಧು ಮಾ | ಧುರ್ಯಂಗೆ | ಮಾಧುರ್ಯಂ
ಬಾಧಿಪ್ಪ | ಕಲಿಗೆ | ಕಲಿಯುಗ | ವಿಪರೀತನ್
ಮಾಧವ | ನೀತನ್ | ಪೆರನಲ್ಲ

‘ಕಲಿಗೆ’ ಮತ್ತು ‘ನೀತನ್’ ಬ್ರಹ್ಮಗಣಗಳು. ಈಗ ಮಾತ್ರೆ ಎಣಿಸಿ: ‘ಸಾಧುಗೆ’ಗೆ ನಾಲ್ಕು, ‘ಬಾಧಿಪ್ಪ’ಕ್ಕೆ ಐದು, ‘ಮಾಧುರ್ಯಂ’ಗೆ ಆರು. ಮೂರೂ ವಿಷ್ಣುಗಣಗಳೇ. ನಿಮಗೆ ಲೆಕ್ಕ ಸಿಗದಿದ್ದುದು ಇದಕ್ಕೇ. ಚಿಕ್ಕದನ್ನು ಎಳೆದು, ದೊಡ್ಡದನ್ನು ಒತ್ತಿ ಸಮ ಮಾಡುವುದು ಹಾಡುವ ಗಂಟಲಿನ ಕೆಲಸ. ತ್ರಿಪದಿಯನ್ನು ಓದಿದರೆ ಕುಂಟುತ್ತದೆ, ಹಾಡಿದರೆ ನಡೆಯುತ್ತದೆ. ಮುಂದೆ ಸರ್ವಜ್ಞನ ಹೊತ್ತಿಗೆ ವಿಷ್ಣುಗಣ ಐದು ಮಾತ್ರೆಯ ಕಡೆಗೆ ವಾಲಿತು: ಸರ್ವಜ್ಞ | ನೆಂಬುವನು | ಗರ್ವದಿಂ | ದಾದವನೆ, ನಾಲ್ಕಕ್ಕೂ ಐದೈದು.

ಬಾದಾಮಿಯ ಈ ಪದ್ಯದಲ್ಲಿ ಮರುಕಳಿಕೆಯನ್ನು ಬಳಸಿದ ಜಾಣತನವನ್ನೂ ಗಮನಿಸಿ. ‘ಸಾಧುಗೆ ಸಾಧು’, ‘ಮಾಧುರ್ಯಂಗೆ ಮಾಧುರ್ಯಂ’ ಎಂದು ಎರಡು ಸಲ ಅದೇ ಅಚ್ಚು. ‘ಕಲಿಗೆ’ ಬಂದಾಗ ಕಿವಿ ‘ಕಲಿ’ಯನ್ನು ಕಾಯುತ್ತದೆ. ಬರುವುದು ‘ಕಲಿ’ಯೇ, ಆದರೆ ಅದು ಉದ್ದವಾಗಿ ‘ಕಲಿಯುಗ ವಿಪರೀತನ್’ ಆಗಿಬಿಡುತ್ತದೆ. ಒಳ್ಳೆಯದಕ್ಕೆ ಅಳೆದಷ್ಟೇ ಒಳ್ಳೆಯದು, ಕೆಟ್ಟದ್ದಕ್ಕೆ ಮಾತ್ರ ಅಳತೆ ಮೀರಿದ ಉತ್ತರ. ಮೂರನೆಯ ಸಾಲಿನಲ್ಲಿ ಆ ಅಚ್ಚು ಇಲ್ಲವೇ ಇಲ್ಲ, ನೇರ ತೀರ್ಪು. ಸಾಧು, ಬಾಧಿ, ಮಾಧ ಎಂದು ಪ್ರಾಸ ಮಾತ್ರ ಮೂರನ್ನೂ ಕಟ್ಟಿ ಹಿಡಿದಿದೆ.

ಹಾಡಿನಲ್ಲಿ ಪಲ್ಲವಿ ಮತ್ತೆ ಮತ್ತೆ ಬರುವುದರಿಂದ ಬೇಸರ ಆಗುವುದಿಲ್ಲವೇ? ಎಷ್ಟು ಸಲ ಬರಬೇಕು?
— ಓದುಗರು, ದುಬೈ

ಎಷ್ಟು ಸಲ ಎನ್ನುವುದಕ್ಕಿಂತ ಹೇಗೆ ಬರುತ್ತದೆ ಎನ್ನುವುದು ಮುಖ್ಯ. ಪ್ರತಿ ಚರಣದ ಬಳಿಕ ಒಮ್ಮೆ ಬರುವುದು ರೂಢಿ. ‘ದೀಪ ಹಚ್ಚೆ ಗೆಳತಿ’ ಎಂದು ಪಲ್ಲವಿ ಇಟ್ಟುಕೊಳ್ಳಿ. ಮೊದಲ ಚರಣ ‘ಸಂಜೆ ಸರಿದಿತು’ ಎಂದು ಮುಗಿದರೆ ಪಲ್ಲವಿ ಸಾಮಾನ್ಯ ಮಾತು. ಎರಡನೆಯದು ‘ನೆಂಟರು ಬಂದರು’ ಎಂದರೆ ಅದೇ ಪಲ್ಲವಿ ಅವಸರ. ಮೂರನೆಯದು ‘ಎಣ್ಣೆ ತೀರಿತು’ ಎಂದಾಗ ಅದು ಸಂಕಟ. ಪದ ಒಂದೂ ಬದಲಾಗಿಲ್ಲ, ಅದರ ಕೆಳಗಿನ ನೆಲ ಬದಲಾಗಿದೆ. ಮೂರು ಚರಣಗಳ ನಂತರವೂ ಪಲ್ಲವಿ ಮೊದಲಿನ ಅರ್ಥವನ್ನೇ ಹೇಳುತ್ತಿದ್ದರೆ ಬೇಸರ ಬಂದೇ ಬರುತ್ತದೆ. ಚರಣದ ಕೊನೆ ಪಲ್ಲವಿಯ ತಲೆಗೆ ವಾಕ್ಯವಾಗಿ ಕೂಡುವಂತಿರಲಿ.

ಕೋಲಾಟದ ‘ಕೋಲು ಕೋಲೆನ್ನ ಕೋಲೆ’ಯಂಥ ಸೊಲ್ಲು ಬೇರೆ ಜಾತಿಯದು. ಅದಕ್ಕೆ ಅರ್ಥದ ಹೊರೆ ಇಲ್ಲ. ಹಿಮ್ಮೇಳದವರು ಅದನ್ನು ಹೇಳುವಷ್ಟು ಹೊತ್ತು ಮುಂದಾಳುವಿಗೆ ಮುಂದಿನ ಸಾಲು ನೆನಪಿಸಿಕೊಳ್ಳಲು ಸಮಯ ಸಿಗುತ್ತದೆ, ಕುಣಿಯುವವರಿಗೆ ಹೆಜ್ಜೆ ಕೂಡಿಸಿಕೊಳ್ಳಲು ಹದ ಸಿಗುತ್ತದೆ. ಅಚ್ಚಿನ ಪುಟದಲ್ಲಿ ಪ್ರತಿ ಸಾಲಿನ ಕೆಳಗೂ ಅದನ್ನು ಮುದ್ರಿಸಿದರೆ ಕಣ್ಣಿಗೆ ದಂಡ. ಮೊದಲ ಸಲ ಪೂರ್ತಿ ಹಾಕಿ, ಉಳಿದ ಕಡೆ ಒಂದು ಗುರುತು ಸಾಕು.

ಅಂತ್ಯಪ್ರಾಸ ಇಂಗ್ಲಿಷಿನಿಂದ ಬಂದದ್ದು ಎನ್ನುತ್ತಾರೆ. ನಿಜವೇ? ನಾನು ಬರೆದ ಅಂತ್ಯಪ್ರಾಸದ ಸಾಲುಗಳು ಸಪ್ಪೆ ಎನಿಸುವುದೇಕೆ?
— ಓದುಗರು, ಶಿವಮೊಗ್ಗ

ಅರ್ಧ ನಿಜ. ಹರಿಹರನ ಕಾಲದ ರಗಳೆಗಳಲ್ಲೇ ಎರಡೆರಡು ಸಾಲಿಗೆ ಆದಿಪ್ರಾಸದ (ಎರಡನೆಯ ಅಕ್ಷರದ ಪ್ರಾಸದ) ಜೊತೆ ಅಂತ್ಯಪ್ರಾಸವೂ ಸಿಗುತ್ತದೆ. ಆದಿಪ್ರಾಸವನ್ನು ಕೈಬಿಟ್ಟದ್ದು ಮಾತ್ರ ಹೊಸಗಾಲದ ನಡೆ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಅದನ್ನು ಬಿಟ್ಟರು, ಉಳಿದವರು ನಿಧಾನವಾಗಿ ಹಿಂಬಾಲಿಸಿದರು. ಸಾಲಿನ ಕೊನೆಯಲ್ಲಿ ನಿಲ್ಲುವ ಭಾವಗೀತೆ ಬಂದ ಮೇಲೆ ಪ್ರಾಸವೂ ಅಲ್ಲಿಗೆ ಸರಿದದ್ದು ಸಹಜವೇ.

ಸಪ್ಪೆ ಎನಿಸುವುದಕ್ಕೆ ಕಾರಣ ನಮ್ಮ ವ್ಯಾಕರಣದಲ್ಲಿದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಬಂದನು, ಹೋದನು, ತಿಂದನು, ಮಲಗಿದನು ಎಲ್ಲದರ ಬಾಲವೂ ಒಂದೇ. ಮನೆಯಲ್ಲಿ, ಊರಲ್ಲಿ, ಕಾಡಲ್ಲಿ ಕೂಡ ಹಾಗೆಯೇ. ಇಲ್ಲಿ ಪ್ರಾಸ ಹೊಂದಿಸಿದ್ದು ನೀವಲ್ಲ, ಪ್ರತ್ಯಯ. ಪುಕ್ಕಟೆ ಸಿಕ್ಕ ನಾದಕ್ಕೆ ಕಿವಿ ಬೆಲೆ ಕೊಡುವುದಿಲ್ಲ. ಎರಡನೆಯ ಅಕ್ಷರದ ಪ್ರಾಸ ಪದದ ಬುಡಕ್ಕೇ ಕೈಹಾಕುವುದರಿಂದ ಈ ಸುಲಭದ ದಾರಿ ಅಲ್ಲಿಲ್ಲ.

ನಿಮ್ಮ ಸಾಲುಗಳ ಕೊನೆಯ ಪದಗಳಿಂದ ಪ್ರತ್ಯಯವನ್ನು ಕತ್ತರಿಸಿ ನೋಡಿ. ‘ಬಂದನು – ಹೋದನು’ದಲ್ಲಿ ಉಳಿಯುವುದು ‘ಬಂದ್’ ಮತ್ತು ‘ಹೋದ್’: ದಕಾರ ಒಂದೇ ಆದರೂ ಹಿಂದಿನ ಸ್ವರ ಬೇರೆ, ಒಂದರಲ್ಲಿ ಬಿಂದು ಉಂಟು, ಇನ್ನೊಂದರಲ್ಲಿಲ್ಲ. ‘ನಡೆದನು – ತಡೆದನು’ದಲ್ಲಿ ಉಳಿಯುವುದು ‘ನಡೆ’ ಮತ್ತು ‘ತಡೆ’. ಮೊದಲ ಜೋಡಿಯನ್ನು ಹೊಡೆದುಹಾಕಿ, ಎರಡನೆಯದನ್ನು ಇಟ್ಟುಕೊಳ್ಳಿ.